ಟೇಪ್ ಇಲ್ಲದ ಕ್ಯಾಸೆಟ್

ಕಾರ್ ಸ್ಟೀರಿಯೊಗೆ ಬಳಸುವ ಕ್ಯಾಸೆಟ್ ಅಡಾಪ್ಟರ್

1984ರಲ್ಲಿ ಸೋನಿ ಕಂಪನಿ ಡಿ-50 ಎಂಬ ಪುಟ್ಟ ಸಿಡಿ ಪ್ಲೇಯರನ್ನು ಮಾರುಕಟ್ಟೆಗೆ ತಂದಿತು. ಆಗ ಹಲವು ಕಾರುಗಳಲ್ಲಿದ್ದುದು ರೇಡಿಯೊ ಮತ್ತು ಕ್ಯಾಸೆಟ್ ಪ್ಲೇಯರ್. ಹೊರಗಿನ ಸಾಧನದ ವೈರ್ ಚುಚ್ಚಲು ಜಾಗವಿರಲಿಲ್ಲ. ಇದ್ದ ಒಂದೇ ಬಾಗಿಲು ಕ್ಯಾಸೆಟ್ ತೂರಿಸುವ ಕಿಂಡಿ. ಅದರ ಮೂಲಕವೇ ಸಂಗೀತವನ್ನು ಒಳಕ್ಕೆ ಕಳಿಸುವ ಇಂಥ ಅಡಾಪ್ಟರಿಗೆ ಅಮೆರಿಕದ ಲ್ಯಾರಿ ಶಾಟ್ಜ್ 1988ರಲ್ಲಿ ಪೇಟೆಂಟ್ ಪಡೆದರು.

ಮಾಮೂಲಿ ಕ್ಯಾಸೆಟ್ಟಿನ ಟೇಪ್ ಸೆಕೆಂಡಿಗೆ ಸುಮಾರು 4.76 ಸೆಂ.ಮೀ. ವೇಗದಲ್ಲಿ ಪ್ಲೇಯರಿನ ಹೆಡ್‌ಗೆ ತಾಗಿಕೊಂಡು ಸರಿಯುತ್ತದೆ. ಅದರ ಮೇಲೆ ಅಚ್ಚಾದ ಕಾಂತೀಯ ಏರಿಳಿತವನ್ನು ಹೆಡ್ ವಿದ್ಯುತ್ ಸಂಕೇತವಾಗಿಸುತ್ತದೆ. ಅಂದರೆ ಹೆಡ್‌ಗೆ ಬೇಕಿರುವುದು ಬದಲಾಗುತ್ತಿರುವ ಕಾಂತಕ್ಷೇತ್ರ. ಅದು ಟೇಪಿನಿಂದಲೇ ಬರಬೇಕೆಂದಿಲ್ಲ. ಇದನ್ನು ಗುರುತಿಸಿದ್ದೇ ಈ ಸಾಧನದ ಜಾಣ್ಮೆ. ಅಡಾಪ್ಟರಿನ ಅಂಚಿನಲ್ಲಿ ಕಾಣುವ ಸಣ್ಣ ಹೆಡ್ ಪ್ಲೇಯರಿನ ಹೆಡ್‌ಗೆ ಎದುರಾಗಿ ಕೂರುತ್ತದೆ. 3.5 ಮಿ.ಮೀ. ಪ್ಲಗ್ಗಿನ ವೈರಿನಿಂದ ಬಂದ ಸಂಕೇತ ಇಲ್ಲಿ ಕಾಂತಕ್ಷೇತ್ರವಾಗಿ, ಎದುರಿನ ಹೆಡ್ಡಿನಲ್ಲಿ ಮತ್ತೆ ವಿದ್ಯುತ್ತಾಗುತ್ತದೆ. ಎರಡು ಹೆಡ್‌ಗಳು ನೇರ ಕೂರದಿದ್ದರೆ ಧ್ವನಿ ಮಂಕಾಗುತ್ತದೆ.

ಅಡಾಪ್ಟರಿನ ಒಳಗಿನ ಹಲ್ಲುಚಕ್ರಗಳಿಗೆ ಧ್ವನಿಯೊಡನೆ ಸಂಬಂಧವಿಲ್ಲ. ಸುರುಳಿ ತಿರುಗದಿದ್ದರೆ ಟೇಪ್ ಮುಗಿಯಿತೆಂದು ಹಲವು ಪ್ಲೇಯರುಗಳು ತಾವೇ ನಿಲ್ಲುತ್ತಿದ್ದವು, ಇಲ್ಲವೇ ಬದಿ ಬದಲಿಸುತ್ತಿದ್ದವು. ಅದನ್ನು ತಡೆಯಲು ಈ ಚಕ್ರಗಳು ತಿರುಗುತ್ತವೆ.

2001ರಲ್ಲಿ ಐಪಾಡ್ ಬಂದಾಗಲೂ, ಆಮೇಲೆ ಮೊಬೈಲಿಗೂ, ಇದೇ ಪ್ಲಗ್ ಹೊಂದಿಕೊಂಡಿತು. ಹೊರಗಿನ ಸಾಧನದ ವೈರ್ ಚುಚ್ಚುವ ಆಕ್ಸ್ ಕಿಂಡಿ ಅಥವಾ ಬ್ಲೂಟೂತ್ ಇರುವ ಕಾರುಗಳಿಗೆ ಇದರ ಅಗತ್ಯವಿಲ್ಲ. ಕ್ಯಾಸೆಟ್ ಪ್ಲೇಯರ್ ಉಳಿಸಿಕೊಂಡ ಹಳೆಯ ಕಾರುಗಳಲ್ಲಿ ಈಗಲೂ ಬಳಸಬಹುದು.