ಎಕಲ್‌ಸಾಲ್ ವನದ ಕುಳಿಗಳು ಮತ್ತು ಒಂದು ಹೊಸ ಆಟ

ಆಟವೊಂದನ್ನು ಇತಿಹಾಸದ ಚರ್ಚೆಗೆ ತರುವುದು ಕೆಲವರಿಗೆ ಲಘುವಾಗಿ ತೋರಬಹುದು. ಆದರೆ ಆ ಆಟವು ಜನರನ್ನು ಐತಿಹಾಸಿಕ ಅವಶೇಷಗಳ ಮೇಲೆಯೇ ತಂದು ನಿಲ್ಲಿಸುವುದಾದರೆ ಅದನ್ನು ಅಲಕ್ಷಿಸುವಂತಿಲ್ಲ. ಜಿಯೋಕ್ಯಾಷಿಂಗ್ ಅಂಥ ಒಂದು ಆಟ. ಒಬ್ಬನು ಡಬ್ಬಿಯೊಂದನ್ನು ಮರೆಮಾಡಿ ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾನೆ, ಉಳಿದವರು ಜಿ.ಪಿ.ಎಸ್. ಉಪಕರಣದ ನೆರವಿನಿಂದ ಅದನ್ನು ಹುಡುಕಿ, ಒಳಗಿನ ಕಿರುಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಹಿಂದಿರುಗುತ್ತಾರೆ. ೨೦೦೦ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರಕಾರವು ಉಪಗ್ರಹಗಳ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅದರ ಬೆನ್ನಿಗೇ, ಮೇ ೩ರಂದು, ಡೇವ್ ಅಲ್ಮರ್ ಎಂಬವರು ಆರೆಗನ್ ಸಂಸ್ಥಾನದಲ್ಲಿ ಮೊದಲ ನಿಕ್ಷೇಪವನ್ನಿಟ್ಟರು. ಅದು ನೆಲದಲ್ಲಿ ಅರ್ಧ ಹೂತ ಬಕೆಟ್ಟಾಗಿತ್ತು. ಮುಂದೆ ಈ ಆಟದ ನಿಯಮಗಳು ಹೂಳುವುದನ್ನೇ ನಿಷೇಧಿಸಿದವು. ಈ ನಿಷೇಧದ ಮಹತ್ತ್ವ ಎಷ್ಟೆಂಬುದು ಮುಂದೆ ವಿದಿತವಾಗುವುದು.

ಇಂಗ್ಲೆಂಡಿನ ಷೆಫೀಲ್ಡ್ ನಗರದ ನೈಋತ್ಯಕ್ಕಿರುವ ಎಕಲ್‌ಸಾಲ್ ವನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ವಿಸ್ತೀರ್ಣ ಸುಮಾರು ೩೫೦ ಎಕರೆ. ನಮ್ಮ ಮಲೆನಾಡನ್ನು ಕಂಡವರು ಇದನ್ನು ತೋಪೆಂದಾರೇ ಹೊರತು ಕಾಡೆನ್ನಲಾರರು. ೧೯೨೭ರಲ್ಲಿ ನಗರಸಭೆಯು ಇದನ್ನು ಕೊಂಡುಕೊಂಡಿತು. ವಾಯುವಿಹಾರಕ್ಕೆ ಬಂದವರು ಇದನ್ನು ಕೈಗಾರಿಕೆಯ ಕೈಗೆ ಸಿಕ್ಕದೆ ಹೇಗೋ ಉಳಿದ ಪ್ರಕೃತಿಯೆಂದು ಭಾವಿಸುವುದು ಸಹಜ. ನಮ್ಮ ಅಭಿಪ್ರಾಯದಲ್ಲಿ ಸಂಗತಿ ಇದಕ್ಕೆ ತೀರ ವಿರುದ್ಧವಾದುದು. ಕೈಗಾರಿಕೆಗೆ ಬೇಕಾಗಿದ್ದುದರಿಂದಲೇ ಈ ವನ ಉಳಿಯಿತು. ಮರಗಳನ್ನು ಬುಡದಲ್ಲಿ ಕಡಿದು, ಮೋಟಿನಿಂದ ಚಿಗುರಿ ಬೆಳೆದ ಕೊಂಬೆಗಳನ್ನು ಕೆಲವು ವರ್ಷಗಳಿಗೊಮ್ಮೆ ಸರದಿಯಂತೆ ಕೊಯ್ಯುತ್ತಿದ್ದರು. ಸೌದೆಯೂ ಒಂದು ಬೆಳೆಯಾಗಿರದಿದ್ದರೆ ಈ ನೆಲ ಎಂದೋ ಹೊಲವಾಗಿ ಹೋಗುತ್ತಿತ್ತು.

ವನದ ಇಳಿಜಾರುಗಳಲ್ಲಿ ಅಲ್ಲಲ್ಲಿ ದುಂಡನೆಯ ಕುಳಿಗಳಿವೆ. ಇಳಿಜಾರಿನ ಕಡೆಗೆ ಒಂದು ಬಾಯಿ ತೆರೆದಿರುವುದರಿಂದ ಅವುಗಳ ಆಕಾರ ಇಂಗ್ಲಿಷಿನ ‘ಕ್ಯೂ’ ಅಕ್ಷರವನ್ನು ಹೋಲುತ್ತದೆ. ವಿದ್ವಾಂಸರು ಇವನ್ನು ಕ್ಯೂ-ಕುಳಿಗಳೆಂದೇ ಕರೆಯುತ್ತಾರೆ. ‘ಬಿಳಿಯ ಇದ್ದಿಲ’ನ್ನು ಸಿದ್ಧಪಡಿಸುತ್ತಿದ್ದುದು ಇಲ್ಲಿ. ಹೆಸರು ಹೀಗಿದ್ದರೂ ಅದು ಇದ್ದಿಲಲ್ಲ. ಸಣ್ಣಗೆ ಕಡಿದು, ಬೆಂಕಿಯ ಕಾವಿನಲ್ಲಿ ತೇವವಾರಿಸಿದ ಕಟ್ಟಿಗೆ. ಸೀಸದ ಅದಿರನ್ನು ಕರಗಿಸುವ ಒಲೆಗೆ ಇದ್ದಿಲಿನ ಕಾವು ಅತಿಯಾಗುತ್ತಿತ್ತು, ಹಸಿ ಕಟ್ಟಿಗೆಯದು ಸಾಲುತ್ತಿರಲಿಲ್ಲ. ಇವೆರಡರ ನಡುವಣ ಇಂಧನವೇ ಇದು. ಈ ಬಗೆಯ ಒಲೆ ಪಕ್ಕದ ಡರ್ಬಿಷೈರ್ ಪ್ರಾಂತಕ್ಕೆ ೧೬ನೆಯ ಶತಮಾನದ ಉತ್ತರಾರ್ಧದಲ್ಲಿ ಬಂದಿತು. ೧೮ನೆಯ ಶತಮಾನದ ಮಧ್ಯದಲ್ಲಿ ಕಲ್ಲಿದ್ದಲಿನಿಂದ ನಡೆಯುವ ಕುಲುಮೆಗಳು ಅದನ್ನು ಮೂಲೆಗೆ ತಳ್ಳಿದವು. ಆದುದರಿಂದ ಶಾಸನವಾಗಲಿ ಲೆಕ್ಕಪತ್ರವಾಗಲಿ ದೊರೆಯದಿದ್ದರೂ ಕುಳಿಯ ಆಕಾರವೊಂದರಿಂದಲೇ ಅದರ ಕಾಲವನ್ನು ಸ್ಥೂಲವಾಗಿ ನಿರ್ಣಯಿಸಬಹುದು.

ಇದೇ ವನದಲ್ಲಿ ಜಾರ್ಜ್ ಯಾರ್ಡ್ಲಿ ಎಂಬ ಇದ್ದಿಲುಗಾರನ ಸ್ಮಾರಕ ಶಿಲೆಯಿದೆ. ೧೭೮೬ರ ಅಕ್ಟೋಬರದಲ್ಲಿ ಅವನು ವನದೊಳಗಿನ ತನ್ನ ಗುಡಿಸಿಲಿನಲ್ಲಿಯೇ ಸುಟ್ಟು ಸತ್ತನು. ಮಣ್ಣು ಮುಚ್ಚಿದ ಕಟ್ಟಿಗೆಯ ರಾಶಿ ಹಗಲಿರುಳು ಒಳಗೊಳಗೇ ಬೇಯುತ್ತಿರುವಾಗ ಅದರ ಪಕ್ಕದಲ್ಲಿಯೇ ಕಾದಿರಬೇಕಾಗಿದ್ದ ಕಸುಬು ಅದು. ಈ ಇಸವಿ ವಿಚಾರಾರ್ಹವಾಗಿದೆ. ೧೭೦೯ರಲ್ಲಿ ಅಬ್ರಹಾಂ ಡಾರ್ಬಿಯು ಕೋಕಿನಿಂದ ಕಬ್ಬಿಣವನ್ನು ಕರಗಿಸಿದನೆಂದೂ ಅಂದಿನಿಂದ ಇದ್ದಿಲಿನ ಯುಗ ಮುಗಿಯುತ್ತ ಬಂದಿತೆಂದೂ ನಾವು ತರಗತಿಗಳಲ್ಲಿ ಹೇಳುತ್ತೇವೆ. ಹಾಗಿದ್ದಲ್ಲಿ ಮುಕ್ಕಾಲು ಶತಮಾನದ ಅನಂತರ, ಅದೂ ಷೆಫೀಲ್ಡಿನ ಹೊಸ್ತಿಲಲ್ಲಿ, ಇದ್ದಿಲು ಸುಡುವ ಅಗತ್ಯವೇನಿತ್ತು? ಆ ಊರಿನ ಉಕ್ಕೇ ಇದಕ್ಕೆ ಉತ್ತರ. ಕಬ್ಬಿಣದ ಪಟ್ಟಿಗಳನ್ನು ಇದ್ದಿಲಿನ ಪುಡಿಯಲ್ಲಿ ಹುದುಗಿಸಿ ದಿನಗಟ್ಟಲೆ ಕಾಯಿಸಿ ಉಕ್ಕು ಮಾಡುವ ಅಲ್ಲಿಯ ಪದ್ಧತಿಯಲ್ಲಿ ಇದ್ದಿಲು ಇಂಧನವಲ್ಲ, ಉಕ್ಕಿನ ಅಂಗವೇ ಆಗಿತ್ತು. ಷೆಫೀಲ್ಡಿನಲ್ಲಿ ಇಂಥ ಕುಲುಮೆ ೧೯೫೧ರವರೆಗೂ ಉರಿಯಿತು. ನಮ್ಮ ಭದ್ರಾವತಿಯಲ್ಲಿಯೂ ೧೯೨೩ರಲ್ಲಿ ಆರಂಭವಾದ ಕಬ್ಬಿಣದ ಕುಲುಮೆ ಇದ್ದಿಲಿನದೇ ಆಗಿದ್ದುದನ್ನು ಓದುಗರು ನೆನೆಯಬಹುದು. ಹೊಸ ಇಂಧನ ಬಂದೊಡನೆ ಹಳೆಯದು ಹೊರಟುಹೋಗುವುದೆಂಬ ಪಠ್ಯಪುಸ್ತಕದ ಸರಳ ರೇಖೆಯನ್ನು ಯಾರ್ಡ್ಲಿಯ ಕಲ್ಲು ತಿದ್ದುತ್ತದೆ.

ಈಗ ಮೊದಲಿನ ಆಟಕ್ಕೆ ಬರೋಣ. ಎಲೆ ತುಂಬಿದ ಹಳೆಯ ಕುಳಿಗಿಂತ ಡಬ್ಬಿ ಮರೆಮಾಡಲು ಅನುಕೂಲವಾದ ಜಾಗ ಮತ್ತೊಂದಿಲ್ಲ, ಅಪಾಯವಿರುವುದೂ ಅಲ್ಲಿಯೇ. ಕುಳಿಯ ತಳದ ಕರಿಮಣ್ಣಿನಲ್ಲಿರುವ ಇದ್ದಿಲಿನ ಚೂರುಗಳಿಂದ ಉರಿಸಿದ ಮರದ ಜಾತಿಯನ್ನೂ, ಅದನ್ನು ಕೊಯ್ದಾಗಿನ ವಯಸ್ಸನ್ನೂ ಅರಿಯಲು ಸಾಧ್ಯ. ಆ ಪದರಗಳನ್ನು ಒಮ್ಮೆ ಕೆದಕಿದರೆ ಸಾಕ್ಷ್ಯವೇ ಕಲಸಿಹೋಗುವುದು. ಹೂಳಬಾರದೆಂಬ ನಿಯಮವೊಂದೇ ಸಾಲದು. ಉಪಗ್ರಹ ತೋರಿಸುವ ಬಿಂದು ಹಲವು ಅಡಿಗಳಷ್ಟು ಅತ್ತಿತ್ತ ಆಗುವುದುಂಟು, ಹುಡುಕುವವನು ಅಷ್ಟು ನೆಲವನ್ನೂ ಕಾಲಿನಿಂದ ಕೆದರುತ್ತಾನೆ. ಹಾಗೆಂದು ಆಟವನ್ನೇ ತಡೆಯಬೇಕೆಂಬವರೊಡನೆ ನಮ್ಮ ಸಹಮತವಿಲ್ಲ. ಗ್ರಂಥಾಲಯದ ಮೆಟ್ಟಿಲು ಹತ್ತದವನನ್ನೂ ಅದು ಕುಳಿಯ ಅಂಚಿಗೆ ಕರೆತರುತ್ತದೆ. ಡಬ್ಬಿಯನ್ನು ಕಾಲುದಾರಿಯ ಬದಿಯ ಮರಕ್ಕೆ ಕಟ್ಟಿ, ಕುಳಿಯ ಬಾಯಿ ಯಾವ ದಿಕ್ಕಿಗಿದೆಯೆಂದು ನೋಡಿ ಬಂದವನಿಗೆ ಮಾತ್ರ ಮುಂದಿನ ಅಂಕಿ ಹೊಳೆಯುವಂತೆ ಒಗಟನ್ನು ರಚಿಸಬಹುದು; ಆಗ ಅವನು ಕುಳಿಯೊಳಗೆ ಇಳಿಯಬೇಕಾದುದೇ ಇಲ್ಲ.