‘ಕ್ರಿಸ್ಪ್’: ಗುಂಗುರಿನಿಂದ ಗರಿಗರಿಗೆ

ದೋಸೆ, ಹಪ್ಪಳ, ಹೊಸ ನೋಟು, ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆ: ಎಲ್ಲಕ್ಕೂ ನಾವು ‘ಗರಿಗರಿ’ ಎನ್ನುತ್ತೇವೆ. ಇಂಗ್ಲಿಷಿನ ‘ಕ್ರಿಸ್ಪ್’ ಕೂಡ ಇವಿಷ್ಟಕ್ಕೂ ಸಲ್ಲುತ್ತದೆ. ಆದರೆ ಇದೇ ಅರ್ಥವನ್ನು ನಂಬಿ ಹಳೆಯ ಇಂಗ್ಲಿಷ್ ಕೃತಿಗಳನ್ನು ಓದಿದರೆ ಎಡವುತ್ತೇವೆ.

ಲ್ಯಾಟಿನ್ ಮೂಲವಾದ ‘ಕ್ರಿಸ್ಪುಸ್’ ಎಂದರೆ ಗುಂಗುರು, ಸುರುಳಿ. ಪ್ರಾಚೀನ ಇಂಗ್ಲಿಷಿಗೆ ಪದ ಬಂದದ್ದೂ ಅದೇ ಅರ್ಥದಲ್ಲಿ. ನೆರಿಗೆ ನೆರಿಗೆಯ ಕ್ರೇಪ್ ಬಟ್ಟೆಯ ಹೆಸರೂ ಫ್ರೆಂಚ್ ಮೂಲಕ ಇದೇ ಬೇರಿನಿಂದ ಬಂದದ್ದು. ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ 3ನೆಯ ಅಂಕದಲ್ಲಿ ಬಸ್ಸಾನಿಯೋ ಹೊಂಬಣ್ಣದ ಕೃತಕ ಕೇಶವನ್ನು ‘ಕ್ರಿಸ್ಪ್ಡ್’ ಎನ್ನುತ್ತಾನೆ. ಅಲ್ಲಿರುವುದು ಗುಂಗುರು ಕೂದಲು. ‘ಗರಿಗರಿ’ ಎಂದು ಅನುವಾದಿಸಿದರೆ ಮಾತು ಕೆಡುತ್ತದೆ. ‘ದಿ ಟೆಂಪೆಸ್ಟ್’ನಲ್ಲಿ ಈ ವಿಶೇಷಣ ನೀರಿನ ಹರಿವಿಗೆ ಅಂಟಿದೆ: ಕಿರಿದಾದ ಅಲೆಗಳ ಸುಕ್ಕು. ಸಸ್ಯಶಾಸ್ತ್ರ ಮಾತ್ರ ಹಳೆಯ ಅರ್ಥವನ್ನು ಇಂದಿಗೂ ಬಿಟ್ಟಿಲ್ಲ. 1753ರಲ್ಲಿ ಲಿನೇಯಸ್ ‘ರುಮೆಕ್ಸ್ ಕ್ರಿಸ್ಪಸ್’ ಎಂದು ಹೆಸರಿಟ್ಟದ್ದು ಎಲೆಯ ಅಂಚು ಅಲೆಯಲೆಯಾಗಿರುವ ಗಿಡಕ್ಕೆ.

ಮುರುಟು ಹೇಗೆ ಮುರಿಯುವಿಕೆಯಾಯಿತು? ಈ ಅರ್ಥ ಕಾಣಿಸಿಕೊಳ್ಳುವುದು 16ನೆಯ ಶತಮಾನದಲ್ಲಿ. ಪದದ ಉಚ್ಚಾರವೇ ಮುರಿಯುವ ಸದ್ದಿನಂತಿರುವುದು ಇದಕ್ಕೆ ನೆರವಾಗಿರಬಹುದೆಂಬ ಊಹೆಯಿದೆ. ನನಗೆ ಒಲೆಯೂ ಅಷ್ಟೇ ಮುಖ್ಯವೆನಿಸುತ್ತದೆ. ತೆಳುವಾದದ್ದನ್ನು ಕಾದ ಎಣ್ಣೆಗೆ ಬಿಟ್ಟಾಗ ಅದು ಮುರುಟಿಕೊಳ್ಳುತ್ತಲೇ ಗಟ್ಟಿಯಾಗುತ್ತದೆ. ಕಣ್ಣಿಗೆ ಸುರುಳಿ ಕಂಡ ಗಳಿಗೆಯಲ್ಲೇ ಹಲ್ಲಿಗೆ ಸದ್ದು ಸಿಗುತ್ತದೆ. ಹಪ್ಪಳ ಕರಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಗುಣವನ್ನು ಅಳೆಯುವುದರಲ್ಲಿ ಕಿವಿಯ ಪಾಲು ನಾವು ಎಣಿಸಿದ್ದಕ್ಕಿಂತ ದೊಡ್ಡದು. ಮಾಸ್ಸಿಮಿಲಿಯಾನೊ ಝಾಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಲೂಗಡ್ಡೆ ಚಿಪ್ಸ್ ಕಚ್ಚಿದ ಸದ್ದನ್ನು ಕಚ್ಚಿದವರಿಗೇ ಹೆಡ್‌ಫೋನ್‌ನಲ್ಲಿ ಮರಳಿ ಕೇಳಿಸಲಾಯಿತು. ಸದ್ದು ಅಥವಾ ಅದರ ಮೇಲಿನ ಕಂಪನಾಂಕಗಳನ್ನಷ್ಟೇ ಹೆಚ್ಚಿಸಿದಾಗ, ಅದೇ ಬಗೆಯ ಚಿಪ್ಸ್ ಹೆಚ್ಚು ಗರಿಗರಿಯಾಗಿ, ಹೆಚ್ಚು ತಾಜಾ ಆಗಿ ತೋರಿತು.

ಈಗಿನ ಅರ್ಥದಲ್ಲೂ ಎರಡು ಪದಗಳು ಪೂರ್ತಿ ಕೂಡುವುದಿಲ್ಲ. ಚಳಿಗಾಲದ ಶುಭ್ರ ಗಾಳಿಗೆ, ಚುಟುಕಾದ ಖಚಿತ ಮಾತಿಗೆ ‘ಗರಿಗರಿ’ ಒಗ್ಗದು. ಸೇಬಿನ ವಿಷಯ ಇನ್ನೂ ಸೂಕ್ಷ್ಮ. ಹಪ್ಪಳ ಮುರಿಯುವುದು ತೇವವಿಲ್ಲದ್ದರಿಂದ. ತಾಜಾ ಸೇಬು ಮುರಿಯುವುದು ಅದರ ಜೀವಕೋಶಗಳು ನೀರು ತುಂಬಿ ಬಿಗಿದಿರುವುದರಿಂದ. ಇಂಗ್ಲಿಷಿಗೆ ಎರಡೂ ‘ಕ್ರಿಸ್ಪ್’. ಕನ್ನಡದ ‘ಗರಿಗರಿ’ಗೆ ಒಣಗಿರಲೇಬೇಕು, ಎಳೆ ಸೌತೆಕಾಯಿಯನ್ನು ಯಾರೂ ಗರಿಗರಿಯಾಗಿದೆ ಎನ್ನುವುದಿಲ್ಲ. ಅಲ್ಲಿ ‘ಕರುಂ’ ಎಂಬ ಅನುಕರಣವೇ ಹತ್ತಿರದ್ದು.