ಬಜ್ಪೆಗೆ ಬಂದ ಪರದೇಶದ ಪೈಲಟ್‌ಗಳು

1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರಿದ್ದ ಡಿಸಿ–3 ವಿಮಾನ ಬಜ್ಪೆಯಲ್ಲಿ ಇಳಿಯಿತು. ಮಂಗಳೂರಿಗೆ ವಿಮಾನ ನಿಲ್ದಾಣ ಸಿಕ್ಕಿದ್ದು ಹಾಗೆ. 2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಂದ ಮೇಲೆ ಮಂಗಳೂರಿನ ಫಳ್ನೀರು ಬಡಾವಣೆಯವರು ಊರಿನಿಂದಲೇ ದುಬೈ ವಿಮಾನ ಹತ್ತುವಂತಾಯಿತು.

ಅದೇ ಕಾಲಕ್ಕೆ ದೇಶದ ವಿಮಾನ ಕಂಪನಿಗಳಿಗೆ ಕ್ಯಾಪ್ಟನ್‌ಗಳು ಸಾಲದೆ ವಿದೇಶಿಯರು ಬಂದರು. ಅವರ ಲೈಸೆನ್ಸ್ ಇಲ್ಲಿ ನಡೆಯುವುದು ಹೇಗೆ?

1944ರ ಷಿಕಾಗೊ ಒಪ್ಪಂದದ ಪ್ರಕಾರ, ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶವೇ ಪೈಲಟ್‌ನ ಲೈಸೆನ್ಸ್ ಕೊಡಬೇಕು, ಇಲ್ಲವೇ ಮಾನ್ಯ ಮಾಡಬೇಕು. ಭಾರತ ವಿದೇಶಿಯರಿಗೆ ‘ಫಾಟಾ’ ಎಂಬ ತಾತ್ಕಾಲಿಕ ಅನುಮತಿ ಕೊಟ್ಟಿತು. ಅಮೆರಿಕ ಹೆಚ್ಚು ಬಿಗಿ. ಯುರೋಪಿನ ಲೈಸೆನ್ಸ್ ತೋರಿಸಿದರೆ ಅಲ್ಲಿ ಖಾಸಗಿ ಹಾರಾಟದ ಪತ್ರ ಸಿಗುತ್ತದೆ. ಏರ್‌ಲೈನ್ ಕ್ಯಾಪ್ಟನ್ ಆಗಬೇಕಾದರೆ ಲಿಖಿತ ಪರೀಕ್ಷೆ, ಹಾರಾಟದ ಪರೀಕ್ಷೆ ಎರಡನ್ನೂ ಹೊಸದಾಗಿ ಪಾಸು ಮಾಡಬೇಕು.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಬೋಯಿಂಗ್ 737 ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು. ಅದರ ಕ್ಯಾಪ್ಟನ್ ಹೀಗೆ ಬಂದ ವಿದೇಶಿಯರಲ್ಲೊಬ್ಬರು, ಸರ್ಬಿಯಾ ಮೂಲದವರು. ಸಹ ಪೈಲಟ್ ಮೂರು ಬಾರಿ ಎಚ್ಚರಿಸಿದರೂ ತಪ್ಪಾದ ಇಳಿತವನ್ನು ಅವರು ಕೈಬಿಡಲಿಲ್ಲ, ದಾರಿಯಲ್ಲಿ ದೀರ್ಘ ಕಾಲ ನಿದ್ರಿಸಿದ್ದರು ಎಂದು ತನಿಖಾ ವರದಿ ಹೇಳಿತು.